ಕಾಯಿ ಸಾಯುವ ಆಟ, ಕಾಯಿ ಹಣ್ಣಾಗುವ ಆಟ

ಬೇಲೂರಿನ ಚನ್ನಕೇಶವ ದೇವಾಲಯವನ್ನು ಕಂಡವರೆಲ್ಲರೂ ಅಲ್ಲಿಯ ಹೊಯ್ಸಳ ಲಾಂಛನವನ್ನು ಬಲ್ಲರು. ಮೇಲೆರಗಿ ಬಂದ ಮೃಗವನ್ನು ಸಳನು ಒಂದೇ ಪೆಟ್ಟಿಗೆ ಕೆಡಹುತ್ತಿರುವ ಆ ಶಿಲ್ಪವು ಹಾಸನ ಜಿಲ್ಲೆಯ ಮಕ್ಕಳಿಗೆ ಪಠ್ಯಪುಸ್ತಕಕ್ಕಿಂತ ಮೊದಲೇ ಪರಿಚಿತವಾದುದು. ಆ ಮೃಗವು ಹುಲಿಯೋ ಸಿಂಹವೋ ಎಂಬ ಚರ್ಚೆ ಇಲ್ಲಿ ಬೇಡ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಡುವ ಆಡು-ಹುಲಿ ಆಟದಲ್ಲಿ ಮಾತ್ರ ಹುಲಿಗೆ ಸಾವೆಂಬುದೇ ಇಲ್ಲ. ಮೂರು ಹುಲಿ, ಹದಿನೈದು ಆಡು. ಹುಲಿಯು ಆಡಿನ ಮೇಲೆ ಹಾರಿ ಅದನ್ನು ತಿನ್ನಬಲ್ಲುದು. ಆಡಿಗೆ ಹುಲಿಯನ್ನು ಕೊಲ್ಲುವ ಶಕ್ತಿಯಿಲ್ಲ. ಆದರೆ ಆಡುಗಳೆಲ್ಲ ಒಂದಕ್ಕೊಂದು ಒತ್ತಾಗಿ ನಿಂತು ಹುಲಿ ಅಲುಗದಂತೆ ಮಾಡಿದರೆ ಗೆಲವು ಆಡುಗಳದು. ಒಂದು ಪಕ್ಷಕ್ಕೆ ಸಾವಿನ ಭಯ, ಮತ್ತೊಂದು ಪಕ್ಷಕ್ಕೆ ಬಂಧನದ ಭಯ. ಇಷ್ಟು ಸರಳವಾದ ಆಟದಲ್ಲಿ ಇಂಥ ಸೂಕ್ಷ್ಮವಾದ ನ್ಯಾಯ ಅಡಗಿದೆ.

ಆಟದಲ್ಲಿ ಒಂದೇ ಪೆಟ್ಟಿಗೆ ಸೋಲುವುದು, ಇಲ್ಲವೆ ಸಾಯದಿದ್ದರೂ ಕೈಕಾಲು ಕಟ್ಟಿದಂತೆ ನಿಶ್ಚೇಷ್ಟಿತನಾಗುವುದು, ಇವೆರಡೂ ಎಷ್ಟರಮಟ್ಟಿಗೆ ಯೋಗ್ಯ ಎಂಬ ಪ್ರಶ್ನೆಯನ್ನು ಈಚಿನ ದಿನಗಳಲ್ಲಿ ಬಹಳವಾಗಿ ಚರ್ಚಿಸಿರುವವರು ಪಾತ್ರದ ಆಟಗಳನ್ನು ಆಡುವವರು. ಮೇಜಿನ ಸುತ್ತ ನಾಲ್ಕೈದು ಜನ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಕಥೆಯನ್ನು ಕೂಡಿ ಕಟ್ಟುವ ಆಟವಿದು. ಒಬ್ಬನು ಸೂತ್ರಧಾರ, ಸಂದೇಹ ಬಂದಲ್ಲಿ ದಾಳವೇ ತೀರ್ಪುಗಾರ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇವುಗಳಿಗೆಲ್ಲ ಮೂಲ. ಬಯಲಾಟವನ್ನೂ ಪಗಡೆಯನ್ನೂ ಒಂದುಗೂಡಿಸಿದರೆ ಹೇಗಿರಬಹುದೋ ಹೆಚ್ಚು ಕಡಿಮೆ ಹಾಗೆ ಎಂದರೆ ನಮ್ಮ ವಾಚಕರಿಗೆ ಅರ್ಥವಾದೀತು.

ಆ ಆಟದ ಮೊದಲ ರೂಪದಲ್ಲಿ ವಿಷಜಂತುವೊಂದು ಕಚ್ಚಿದರೆ ಇಪ್ಪತ್ತು ಮುಖದ ದಾಳವನ್ನು ಒಮ್ಮೆ ಎಸೆಯಬೇಕಾಗಿತ್ತು. ಬೇಕಾದ ಸಂಖ್ಯೆ ಬಿದ್ದರೆ ಜೀವ ಉಳಿಯಿತು. ಬೀಳದಿದ್ದರೆ ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಅಲ್ಲಿಗೇ ಮುಗಿಯಿತು. ಮೆಡೂಸಾ ಎಂಬ ಗ್ರೀಕ್ ಪುರಾಣದ ಸರ್ಪಕೇಶಿಯ ಕಣ್ಣಿಗೆ ಬಿದ್ದವನು ಕಲ್ಲಾಗುತ್ತಿದ್ದನು. ಗೈಗ್ಯಾಕ್ಸ್ ರಚಿಸಿ 1978ರಲ್ಲಿ ಅಚ್ಚಾದ ‘ಟೂಂಬ್ ಆಫ್ ಹಾರರ್ಸ್’ ಎಂಬ ಕಥಾಚೌಕಟ್ಟಿನಲ್ಲಿ ಬಾಯ್ದೆರೆದ ಹಸುರು ರಾಕ್ಷಸಮುಖವೊಂದಿದೆ. ಅದರೊಳಕ್ಕೆ ಹೊಕ್ಕವನಿಗೆ ದಾಳದ ಆಸರೆಯೂ ಇಲ್ಲ, ನಿರ್ನಾಮವೇ. ಇವೆಲ್ಲಕ್ಕಿಂತ ಬೇಸರದ ಸಂಗತಿ ಸ್ತಂಭನ ಮಂತ್ರದ್ದು. ಅದಕ್ಕೆ ಸಿಕ್ಕಿದ ಪಾತ್ರ ಸಾಯುವುದಿಲ್ಲ. ಆದರೆ ಅದನ್ನು ಆಡಿಸುವವನು ಉಳಿದವರ ಆಟವನ್ನು ನೋಡುತ್ತ ಸುಮ್ಮನೆ ಕುಳಿತಿರಬೇಕು. ಸತ್ತವನಾದರೂ ಬೇರೊಂದು ಪಾತ್ರವನ್ನು ಬರೆದುಕೊಳ್ಳಬಹುದು, ಇವನಿಗೆ ಅದೂ ಇಲ್ಲ.

ಗಣಿತದ ಉಪಾಧ್ಯಾಯರು ಇದನ್ನು ತರಗತಿಯಲ್ಲಿಯೇ ಬಿಡಿಸಿ ತೋರಿಸಬಹುದು. ಪ್ರತಿ ಗಂಡಾಂತರದಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ಸಾಯುವ ಸಂಭವವಿದೆ ಎನ್ನೋಣ. ಅಷ್ಟೇನೂ ಭಯಂಕರವೆನಿಸದು. ಆದರೆ ಹತ್ತು ಗಂಡಾಂತರಗಳನ್ನು ದಾಟಿ ಬದುಕುವವರು ನೂರಕ್ಕೆ ಸುಮಾರು ಆರು ಜನ ಮಾತ್ರ. ಅದೇ ಗಂಡಾಂತರಕ್ಕೆ ಎರಡು ಮೆಟ್ಟಿಲಿಟ್ಟು, ಮೊದಲ ಎಸೆತ ತಪ್ಪಿದರೆ ಕಾಲು ಹೆಪ್ಪುಗಟ್ಟಲಿ, ಎರಡನೆಯದೂ ತಪ್ಪಿದರೆ ಮಾತ್ರ ಕಲ್ಲಾಗಲಿ ಎಂದು ವಿಧಿಸಿದರೆ ಸಾವಿನ ಸಂಭವ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ಹತ್ತನ್ನೂ ದಾಟುವವರು ನೂರಕ್ಕೆ ಐವತ್ತೆರಡು ಜನರಾಗುತ್ತಾರೆ. ಆ ಆಟವನ್ನು ತಿದ್ದಿದವರು ಹಿಡಿದ ದಾರಿಯೂ ಇದೇ. 2014ರ ಐದನೆಯ ಆವೃತ್ತಿಯಲ್ಲಿ ಪ್ರಾಣಶಕ್ತಿ ಸೊನ್ನೆಗಿಳಿದ ಪಾತ್ರವು ಸಾಮಾನ್ಯವಾಗಿ ಕೂಡಲೇ ಸಾಯುವುದಿಲ್ಲ; ಮೂರು ಎಸೆತ ಸಫಲವಾದರೆ ಸ್ಥಿತಿ ನಿಲ್ಲುತ್ತದೆ, ಮೂರು ವಿಫಲವಾದರೆ ಮರಣ. ಈ ನಡುವೆ ಜೊತೆಗಾರರು ಓಡಿಬಂದು ಉಪಚರಿಸಲು ಅವಕಾಶವಿದೆ. ನನ್ನ ದೃಷ್ಟಿಯಲ್ಲಿ ಈ ತಿದ್ದುಪಡಿಯ ಸಾರವಿರುವುದು ಈ ಕೊನೆಯ ಮಾತಿನಲ್ಲಿ: ಒಬ್ಬನ ಆಪತ್ತು ಉಳಿದವರಿಗೆ ಕೆಲಸವಾಗುತ್ತದೆ.

ನಮ್ಮ ಮನೆಯಾಟಗಳನ್ನು ಈ ಬೆಳಕಿನಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದೈದು ಮನೆಗಳ ಚೌಕ, ನಾಲ್ಕು ಕವಡೆ, ಆಟಗಾರನಿಗೆ ನಾಲ್ಕು ಕಾಯಿ. ಅಂಗಾತ ಬಿದ್ದ ಕವಡೆಗಳೆಷ್ಟೋ ಅಷ್ಟು ಮನೆ ನಡಿಗೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎದುರಾಳಿಯ ಕಾಯಿ ನಿಂತ ಮನೆಗೆ ನಮ್ಮ ಕಾಯಿ ಸರಿಯಾಗಿ ಬಂದರೆ ಅದನ್ನು ಹೊಡೆದಂತೆ. ಹೊಡೆತ ತಿಂದ ಕಾಯಿ ಸಾಯುವುದಿಲ್ಲ, ತನ್ನ ಮನೆಗೆ ಹಿಂದಿರುಗಿ ಮೊದಲಿನಿಂದ ನಡೆಯಬೇಕು. ಆಟಗಾರನ ಸರದಿ ಒಂದೂ ತಪ್ಪುವುದಿಲ್ಲ. ಪೂರ್ತಿ ಸುತ್ತಿ ನಡುಮನೆ ಸೇರಿದ ಕಾಯಿಗೆ ನಮ್ಮ ಹೆಂಗಸರು ಇಟ್ಟಿರುವ ಹೆಸರೆಷ್ಟು ಚೆಲುವಾದುದು! ಕಾಯಿ ‘ಹಣ್ಣಾಯಿತು’ ಎನ್ನುತ್ತಾರೆ.

ಅಪಾಯವು ಇಲ್ಲಿ ಕಣ್ಣಿಗೆ ಕಾಣುವಂತಿರುತ್ತದೆ ಎಂಬುದೂ ಗಮನಾರ್ಹ. ಕವಡೆ ಎರಡು ಬದಿಗೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ ಎರಡು ಬೀಳುವ ಸಂಭವ ಹದಿನಾರರಲ್ಲಿ ಆರು; ಒಂದಾಗಲಿ ಮೂರಾಗಲಿ ಬೀಳುವುದು ಹದಿನಾರರಲ್ಲಿ ನಾಲ್ಕು; ಚೌಕಕ್ಕೂ ಬಾರಕ್ಕೂ ಒಂದೊಂದು. ಆದ್ದರಿಂದ ಶತ್ರುವಿಗೆ ಎರಡು ಮನೆ ಮುಂದೆ ಕಾಯಿ ನಿಲ್ಲಿಸಬಾರದೆಂದು ಹೊಳೆನರಸೀಪುರದ ಜಗಲಿಯಲ್ಲಿಯಾಗಲಿ ಅರಕಲಗೂಡಿನ ಹಟ್ಟಿಯಲ್ಲಿಯಾಗಲಿ ಲೆಕ್ಕ ಕಲಿಯದ ಅಜ್ಜಿಯೂ ಮೊಮ್ಮಗಳಿಗೆ ಹೇಳಿಕೊಡಬಲ್ಲಳು. ಅಡ್ಡಗೀಟಿನ ಮನೆಯಲ್ಲಿ ನಿಂತ ಕಾಯಿಗೆ ಹೊಡೆತವಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮವೂ ಉಂಟು. ಅವನು ಹೊರಸುತ್ತಿನಲ್ಲಿಯೇ ತಿರುಗುತ್ತಿರಬೇಕು. ಇದು ಒಂದು ಬಗೆಯ ಕುಂಟುತನವೇ ಸರಿ. ಆದರೆ ಕುಂಟುತ್ತಿರುವವನ ಕೈಯಲ್ಲಿ ಕವಡೆಗಳಿವೆ.

ಅಳಗುಳಿಮಣೆಯಲ್ಲಿ ಇನ್ನೊಂದು ರೀತಿ. ಒಂದು ಸುತ್ತಿನಲ್ಲಿ ಸೋತವಳು ಮುಂದಿನ ಸುತ್ತಿಗೆ ತನ್ನ ಏಳು ಗುಳಿಗಳನ್ನೂ ತುಂಬಲಾರದೆ ಹೋದರೆ ತುಂಬದ ಗುಳಿಗಳು ಆಟದಿಂದ ಹೊರಗುಳಿಯುತ್ತವೆ. ಉಳಿದ ನಾಲ್ಕೈದು ಗುಳಿಗಳಿಂದಲೇ ಅವಳು ಆಡಬೇಕು. ಬಡತನವನ್ನು ಇದಕ್ಕಿಂತ ನಿಜವಾಗಿ ತೋರಿಸುವ ಆಟವನ್ನು ನಾನು ಕಾಣೆ. ಆ ಕೆಲವು ಗುಳಿಗಳಿಂದಲೇ ಮತ್ತೆ ಗೆದ್ದು ಕಳೆದುಕೊಂಡ ಗುಳಿಗಳನ್ನು ಮರಳಿ ಪಡೆಯುವುದೂ ಸಾಧ್ಯವಿದೆ.

ಹಾಗೆಂದು ನಮ್ಮವರಿಗೆ ಒಂದೇ ಎಸೆತದ ಸರ್ವನಾಶ ತಿಳಿಯದೆಂದಲ್ಲ. ಭಾರತದ ಮೊದಲ ದ್ಯೂತದಲ್ಲಿ ಪಣದ ಮೇಲೆ ಪಣವೊಡ್ಡಿ ಸರ್ವಸ್ವವನ್ನೂ ಸೋತ ಧರ್ಮರಾಯನಿಗೆ ದ್ರೌಪದಿಗೆ ದೊರೆತ ವರಗಳಿಂದಾಗಿ ಎಲ್ಲವೂ ಹಿಂದಿರುಗಿತು. ಅನುದ್ಯೂತದಲ್ಲಿ ಇದ್ದುದು ಒಂದೇ ಎಸೆತ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ. ಕಥೆಯಲ್ಲಿ ಅದು ಮಹಾ ಅನರ್ಥಕ್ಕೆ ನಾಂದಿಯಾಗಿ ನಿಂತಿದೆ, ಒಳ್ಳೆಯ ಆಟಕ್ಕೆ ಮಾದರಿಯಾಗಿ ಅಲ್ಲ. ಯುದ್ಧದ ಅಸ್ತ್ರಗಳಿಗಾದರೋ ಪ್ರತ್ಯಸ್ತ್ರಗಳಿವೆ. ವಿರಾಟನಗರದ ಗೋಗ್ರಹಣದಲ್ಲಿ ಅರ್ಜುನನ ಸಮ್ಮೋಹನಾಸ್ತ್ರಕ್ಕೆ ಕೌರವರು ಮೈಮರೆತು ಬಿದ್ದರೂ ಮತ್ತೆ ಎಚ್ಚತ್ತರು. ಇಂದ್ರಜಿತುವಿನ ನಾಗಪಾಶಕ್ಕೆ ಗರುಡನು ಬಂದನು.

ಭಯವೇ ಇಲ್ಲದಿದ್ದರೆ ಆಟಕ್ಕೆ ರುಚಿಯಿಲ್ಲವೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮುಂದಿನ ಹಳ್ಳ ಕಾಣದವನು ಹೆಜ್ಜೆ ನೋಡಿ ಇಡುವುದನ್ನು ಕಲಿಯಲಾರ. ಹಸುರು ರಾಕ್ಷಸಮುಖವನ್ನು ಮೆಚ್ಚುವ ಆಟಗಾರರು ಇಂದಿಗೂ ಇದ್ದಾರೆ; ಬಾಯೊಳಕ್ಕೆ ಹಾರುವ ಮುನ್ನ ಒಂದು ಕೋಲನ್ನು ತೂರಿಸಿ ನೋಡಬಹುದಾಗಿತ್ತಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಎಚ್ಚರಿಕೆಯ ಗುರುತು ಕಂಡೂ ಬಿದ್ದವನಿಗೆ ಸೋಲು ಪಾಠವಾದೀತು. ಗುರುತೇ ಇಲ್ಲದ ಕಡೆ ಬಿದ್ದವನಿಗೆ ಅದು ದೈವದ ಏಟು ಮಾತ್ರ.

ಶಾಲೆಯಲ್ಲಿರುವ ನಮಗೆ ಈ ವಿಚಾರ ಕೇವಲ ವಿನೋದವಲ್ಲ. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಒಮ್ಮೆ ಬಿದ್ದ ಹುಡುಗನನ್ನು ಊರೇ ಕಾಯಿ ಸತ್ತಂತೆ ಕಾಣುತ್ತಿದ್ದ ಕಾಲವನ್ನು ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು. 2024ರಲ್ಲಿ ರಾಜ್ಯದ ಪರೀಕ್ಷಾ ಮಂಡಲಿಯು ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸಿತು. ಮೂರು ಎಸೆತಗಳ ನಿಯಮ ಅಲ್ಲಿಗೂ ಬಂದಂತಾಯಿತು. ಆದರೆ ಆಟದ ದಿನದಂದು ನಾವು ಇನ್ನೂ ಕುರ್ಚಿಯಾಟವನ್ನೇ ಆಡಿಸುತ್ತೇವೆ. ಅದರಲ್ಲಿ ಮೊದಲು ಹೊರಬೀಳುವವನು ಎಲ್ಲರಿಗಿಂತ ನಿಧಾನವಾದ ಮಗು, ಎಲ್ಲರಿಗಿಂತ ಹೆಚ್ಚು ಆಡಬೇಕಾದ ಮಗು. ಅವನೇ ಎಲ್ಲರಿಗಿಂತ ಹೆಚ್ಚು ಹೊತ್ತು ಬೇಲಿಯ ಬಳಿ ನಿಂತಿರುತ್ತಾನೆ.

ಕಬಡ್ಡಿಗೆ ಹಿಂದೆ ಮೂರು ಬಗೆಗಳಿದ್ದವು. ಅಮರ್ ಎಂಬುದರಲ್ಲಿ ಔಟಾದವನು ಹೊರಹೋಗದೆ ಅಂಕಣದಲ್ಲಿಯೇ ಇರುತ್ತಿದ್ದನು, ಎದುರಾಳಿಗೆ ಅಂಕ ಮಾತ್ರ ಸಲ್ಲುತ್ತಿತ್ತು. ಗಾಮಿನಿಯಲ್ಲಿ ಹೊರಬಿದ್ದವನು ತನ್ನ ತಂಡವೆಲ್ಲ ಹೊರಬೀಳುವವರೆಗೂ ಹೊರಗೇ. ಸಂಜೀವಿನಿ ಎಂಬುದರಲ್ಲಿ ಎದುರಾಳಿಯೊಬ್ಬನು ಔಟಾದರೆ ಹೊರಗಿದ್ದ ನಮ್ಮವನೊಬ್ಬನಿಗೆ ಜೀವ ಬರುತ್ತದೆ. ಇಂದು ದೇಶದಲ್ಲೆಲ್ಲ ನಿಯಮಬದ್ಧವಾಗಿ ಆಡುವ ಆಟ ಈ ಸಂಜೀವಿನಿಯ ಮಾರ್ಗವನ್ನೇ ಅನುಸರಿಸಿದೆ. ಚನ್ನರಾಯಪಟ್ಟಣದ ಕಡೆಯ ಯಾವುದೇ ಹಳ್ಳಿಯ ಶಾಲಾ ಬಯಲಿನಲ್ಲಿ ಸಂಜೆ ಹೋಗಿ ನಿಂತರೆ ಗೆರೆಯ ಹೊರಗೆ ಕುಳಿತ ಹುಡುಗರನ್ನು ಕಾಣಬಹುದು. ಅವರಾರೂ ಸುಮ್ಮನೆ ಕುಳಿತಿರುವುದಿಲ್ಲ. ಮೊಣಕಾಲೂರಿ, ಅಂಗೈ ನೆಲಕ್ಕೊತ್ತಿ, ಒಳಗಿರುವ ಗೆಳೆಯನ ಹೆಸರು ಹಿಡಿದು ಕೂಗುತ್ತಿರುತ್ತಾರೆ.