ಕಾಡಿನ ದಾರಿ ಮತ್ತು ಸ್ವಯಂಸೇವಕರು: ವಿಕ್ರೋಳಿಯ ಕಾಂಡ್ಲಾವನದ ಪಾಠ

ಅರಣ್ಯವನ್ನು ಕಾಯುವುದಕ್ಕೆ ದಾರಿ ಬೇಕು. ಅರಣ್ಯವನ್ನು ಹಾಳುಮಾಡುವುದಕ್ಕೂ ಅದೇ ದಾರಿ ಸಾಕು. ವನರಕ್ಷಕರು ಗಸ್ತು ತಿರುಗುವುದು, ಬೆಂಕಿ ಬಿದ್ದ ಕಡೆಗೆ ಜನ ಧಾವಿಸುವುದು, ವಿದ್ಯಾರ್ಥಿಗಳು ಕಾಡನ್ನು ಕಂಡು ಅರಿಯುವುದು ದಾರಿಗಳ ಮೂಲಕವೇ. ಅದೇ ದಾರಿಯಲ್ಲಿ ಮರಗಳ್ಳರೂ ಕಸ ಸುರಿಯುವವರೂ ಒಳಹೊಗುತ್ತಾರೆ. ಇತ್ತೀಚಿನ ದಶಕಗಳಲ್ಲಿ ಜೀಪು, ಮೋಟಾರ್ ಸೈಕಲ್‌ಗಳನ್ನು ಡಾಂಬರು ರಸ್ತೆಯಿಂದಾಚೆಗೆ ಓಡಿಸುವ ಹವ್ಯಾಸವೂ ಹಬ್ಬಿದೆ. ಆದುದರಿಂದ ಸಾರ್ವಜನಿಕ ಅರಣ್ಯಭೂಮಿಯಲ್ಲಿ ಯಾವ ದಾರಿ ಇರಬೇಕು, ಯಾವುದು ಮುಚ್ಚಬೇಕು, ಇರುವ ದಾರಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ನಾಗರಿಕರಿಗೂ ಸಂಬಂಧಿಸಿದೆ. ಮುಂಬಯಿಯ ಪೂರ್ವ ಉಪನಗರವಾದ ವಿಕ್ರೋಳಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಬಹುದು.

ದಾರಿಯ ಮೊದಲ ಶತ್ರು ನೀರು

ಎತ್ತಿನ ಗಾಡಿಯ ಜಾಡು ಮಳೆಗಾಲ ಕಳೆಯುವುದರೊಳಗೆ ಕೊರಕಲಾಗುವುದನ್ನು ನಮ್ಮ ರೈತರು ಬಲ್ಲರು. ಚಕ್ರ ಒಂದೇ ಗೆರೆಯಲ್ಲಿ ಉರುಳಿದಾಗ ಮಣ್ಣು ಅದುಮಿ ಗಟ್ಟಿಯಾಗುತ್ತದೆ. ಅಲ್ಲಿ ನೀರು ಇಂಗುವುದಿಲ್ಲ. ಇಳಿಜಾರಿನಲ್ಲಿ ಆ ಜಾಡೇ ಕಾಲುವೆಯಾಗಿ, ನೀರು ವೇಗ ಪಡೆದು, ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಕೊರಕಲನ್ನು ತಪ್ಪಿಸಲು ಮುಂದಿನ ಚಾಲಕ ಪಕ್ಕದ ಹುಲ್ಲಿನ ಮೇಲೆ ವಾಹನ ಹಾಯಿಸುತ್ತಾನೆ. ಹೀಗೆ ಒಂದು ಜಾಡು ಎರಡಾಗಿ, ಮೂರಾಗಿ, ಕೊನೆಗೆ ವಿಶಾಲವಾದ ಬರಡು ಪಟ್ಟಿಯಾಗುತ್ತದೆ.

ಬೆಟ್ಟದ ಕಾಡಿನಲ್ಲಿ ಇದಕ್ಕೆ ಪರಿಹಾರ ಸರಳವಾದುದು. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಕಲ್ಲಿನ ಅಥವಾ ಮರದ ಸಣ್ಣ ಒಡ್ಡುಗಳನ್ನು ಹಾಕಿದರೆ ನೀರು ಅಲ್ಲಲ್ಲಿಯೇ ಪಕ್ಕಕ್ಕೆ ಸರಿಯುತ್ತದೆ. ಒಳದಾರಿಗಳ ಬಾಯಿಗೆ ಒಣ ಕೊಂಬೆಗಳನ್ನು ಅಡ್ಡವಿಟ್ಟರೆ ಹುಲ್ಲು ಮತ್ತೆ ಚಿಗುರುತ್ತದೆ. ದಾರಿ ಹಸಿಯಾಗಿರುವ ತಿಂಗಳುಗಳಲ್ಲಿ ಸಂಚಾರ ನಿಲ್ಲಿಸಬೇಕು. ಇವು ದೊಡ್ಡ ಯಂತ್ರಗಳನ್ನು ಬೇಡುವ ಕೆಲಸಗಳಲ್ಲ; ತಿಳಿದವರ ಮಾರ್ಗದರ್ಶನ ಮತ್ತು ಹತ್ತು ಜನರ ದುಡಿಮೆ ಇದ್ದರೆ ಸಾಕು.

ಈ ದುಡಿಮೆಯನ್ನು ಕ್ರಮಬದ್ಧಗೊಳಿಸಿದ ದೇಶಗಳಿವೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಸ್ವಯಂಸೇವಕರ ನೆರವು ಪಡೆಯಲು 1972ರಲ್ಲಿಯೇ ಪ್ರತ್ಯೇಕ ಕಾನೂನು ಬಂದಿತು. 2005ರ ನಿಯಮದ ಮೇರೆಗೆ ಅಲ್ಲಿ ಮೋಟಾರು ವಾಹನಗಳು ಇಲಾಖೆ ಗುರುತಿಸಿ ನಕ್ಷೆಯಲ್ಲಿ ತೋರಿಸಿದ ದಾರಿಗಳಲ್ಲಿ ಮಾತ್ರ ಸಂಚರಿಸಬೇಕು. ಜೀಪು ಮತ್ತು ಮೋಟಾರ್ ಸೈಕಲ್ ಸವಾರರ ಸಂಘಗಳೇ ಇಂಥ ದಾರಿಗಳ ದುರಸ್ತಿಯಲ್ಲಿ ಕೈಜೋಡಿಸುತ್ತವೆ. ನಮ್ಮ ದೇಶದ ಸ್ಥಿತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶವೇ ಅನುಮತಿಗೆ ಒಳಪಟ್ಟಿದೆ. ಹವ್ಯಾಸಕ್ಕಾಗಿ ವಾಹನ ನುಗ್ಗಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಸೇವೆ ಸಲ್ಲಿಸುವ ಅವಕಾಶ ಇಲ್ಲಿಯೂ ಇದೆ. ಅದರ ರೂಪವು ಆಯಾ ಕಾಡಿನ ಸ್ವಭಾವವನ್ನು ಅವಲಂಬಿಸಿರುತ್ತದೆ.

ಉಬ್ಬರದ ಕಾಡು

ವಿಕ್ರೋಳಿಯ ಪೂರ್ವಕ್ಕೆ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಿಂದಾಚೆಗೆ, ಥಾಣೆ ಖಾಡಿಯ ದಡದುದ್ದಕ್ಕೂ ಹಸಿರು ಪಟ್ಟಿಯೊಂದು ಹಬ್ಬಿದೆ. ನಮ್ಮ ಕರಾವಳಿಯವರು ಕಾಂಡ್ಲಾ ಎಂದೂ ಮರಾಠಿಗರು ಕಾಂದಳವನ ಎಂದೂ ಕರೆಯುವ ಮ್ಯಾಂಗ್ರೋವ್ ಕಾಡು ಇದು. ವಿಕ್ರೋಳಿಯಲ್ಲಿ ಇದರ ಬಹುಭಾಗ ಗೋದ್ರೆಜ್ ಉದ್ಯಮ ಸಮೂಹದ ಭೂಮಿಯಲ್ಲಿದೆ. 1980ರ ದಶಕದಿಂದ ಸೂನಾಬಾಯಿ ಪಿರೋಜ್‌ಶಾ ಗೋದ್ರೆಜ್ ಪ್ರತಿಷ್ಠಾನದ ಆಶ್ರಯದಲ್ಲಿ ಇಲ್ಲಿ ಸಂರಕ್ಷಣೆ ಮತ್ತು ಪರಿಸರ ಶಿಕ್ಷಣ ನಡೆದುಬಂದಿದೆ. ಖಾಡಿಯ ಪಶ್ಚಿಮ ದಡದಲ್ಲಿ ಸರ್ಕಾರಿ ಅರಣ್ಯಭೂಮಿಯೂ ಇದೆ. ಐರೋಳಿ ಮತ್ತು ವಾಶಿ ಸೇತುವೆಗಳ ನಡುವಣ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು 2015ರಲ್ಲಿ ಥಾಣೆ ಖಾಡಿ ರಾಜಹಂಸ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರಲ್ಲಿ 896 ಹೆಕ್ಟೇರ್ ಕಾಂಡ್ಲಾವನ, 794 ಹೆಕ್ಟೇರ್ ಜಲಪ್ರದೇಶ. 2022ರಲ್ಲಿ ಥಾಣೆ ಖಾಡಿಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಇಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರದ ನೀರು ಏರಿ ಇಳಿಯುತ್ತದೆ. ಕೆಸರಿನೊಳಗೆ ಗಾಳಿಯಾಡದ ಕಾರಣ, ಮರಾಠಿಯಲ್ಲಿ ತಿವರ ಎಂದು ಕರೆಯುವ ಅವಿಸೆನಿಯಾ ಮರವು ಸಾವಿರಾರು ಉಸಿರು ಬೇರುಗಳನ್ನು ನೆಲದಿಂದ ಮೇಲಕ್ಕೆ ಪೆನ್ಸಿಲಿನಂತೆ ಚಾಚುತ್ತದೆ. ಅವುಗಳ ಸೂಕ್ಷ್ಮ ರಂಧ್ರಗಳ ಮೂಲಕವೇ ಮರದ ಬೇರಿಗೆ ಗಾಳಿ ಒದಗುತ್ತದೆ.

ಇಂಥ ನೆಲದ ಮೇಲೆ ಭಾರದ ವಾಹನವೊಂದು ಹಾದರೆ ಆಗುವ ಹಾನಿ ಬೆಟ್ಟದ ದಾರಿಯದಕ್ಕಿಂತ ಭಿನ್ನವಾಗಿದೆ. ಮೊದಲು ಉಸಿರು ಬೇರುಗಳು ಮುರಿಯುತ್ತವೆ. ಚಕ್ರದ ಕುಳಿಗಳಲ್ಲಿ ನಿಂತ ಉಪ್ಪುನೀರು ಬಿಸಿಲಿಗೆ ಆರಿ ಉಪ್ಪಿನ ಪ್ರಮಾಣ ಹೆಚ್ಚುತ್ತದೆ. ತೇಲಿಬಂದ ಬೀಜಗಳು ಅಲ್ಲಿ ನೆಲೆಯೂರಲಾರವು. ಕುಸಿಯುವ ಕೆಸರಿನಲ್ಲಿ ಲಾರಿ ಸಿಕ್ಕಿಕೊಳ್ಳದಿರಲೆಂದು ಕೆಡವಿದ ಕಟ್ಟಡದ ಕಲ್ಲುಮಣ್ಣು, ಅಂದರೆ ಮುಂಬಯಿಗರ ಮಾತಿನ ಡೆಬ್ರಿ, ಸುರಿದು ಜಾಡನ್ನು ಎತ್ತರಿಸಿದರಂತೂ ಆ ದಾರಿಯೇ ಅಣೆಕಟ್ಟಾಗುತ್ತದೆ. ಅದರ ಒಳಬದಿಗೆ ಉಬ್ಬರದ ನೀರು ತಲುಪುವುದಿಲ್ಲ. ಯಾರೂ ಕೊಡಲಿ ಎತ್ತದಿದ್ದರೂ ಅಲ್ಲಿನ ಮರಗಳು ಕ್ರಮೇಣ ಒಣಗುತ್ತವೆ. ಒಣಗಿದ ನೆಲವನ್ನು ಕಂಡವರು ಇದು ಬರಿಯ ಬಂಜರು ಎನ್ನುತ್ತಾರೆ; ಒತ್ತುವರಿಗೆ ಬಾಗಿಲು ತೆರೆಯುತ್ತದೆ.

ಇದರ ಬೆಲೆ ತೆರಬೇಕಾದವರು ನಗರವಾಸಿಗಳೇ. 2005ರ ಜುಲೈ 26ರ ಮಹಾಮಳೆಯಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯವು 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆಯನ್ನು ದಾಖಲಿಸಿತು. ಮಳೆನೀರು ಸಮುದ್ರಕ್ಕೆ ಹರಿಯುವ ತೋಡುಗಳು ಮತ್ತು ಉಬ್ಬರದ ನೀರು ಹರಡಿಕೊಳ್ಳುವ ಜೌಗುನೆಲ ಇಲ್ಲವಾದಲ್ಲಿ ನೀರು ಮನೆಗಳತ್ತ ತಿರುಗುತ್ತದೆಂಬುದನ್ನು ಆ ದಿನ ಮುಂಬಯಿ ಅರಿತಿತು.

ಕಾನೂನಿನ ರಕ್ಷಣೆ

ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯವು 2005ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಾಂಡ್ಲಾವನಗಳ ನಾಶವನ್ನು ತಡೆಯುವ ಮಧ್ಯಂತರ ಆಜ್ಞೆ ನೀಡಿತು. 2018ರ ಸೆಪ್ಟೆಂಬರ್ 17ರ ಅಂತಿಮ ತೀರ್ಪು ಅದನ್ನು ಸ್ಥಿರಪಡಿಸಿತು. ಭೂಮಿ ಸರ್ಕಾರದ್ದಿರಲಿ, ಖಾಸಗಿಯವರದ್ದಿರಲಿ, ಕಾಂಡ್ಲಾವನಕ್ಕೆ ರಕ್ಷಣೆಯುಂಟು. ಅದರ ಸುತ್ತಣ 50 ಮೀಟರ್ ಪಟ್ಟಿಯಲ್ಲಿ ಕಟ್ಟಡ ಕಟ್ಟುವುದು, ಕಲ್ಲುಮಣ್ಣು ಸುರಿಯುವುದು ನಿಷಿದ್ಧ. ಇವುಗಳ ಮೇಲ್ವಿಚಾರಣೆಗೆಂದು ಮಹಾರಾಷ್ಟ್ರ ಅರಣ್ಯ ಇಲಾಖೆಯಲ್ಲಿ 2012ರಲ್ಲಿ ಪ್ರತ್ಯೇಕ ಕಾಂದಳವನ ಘಟಕ ಸ್ಥಾಪಿತವಾಯಿತು. ಆದರೆ ಹಲವು ಕಿಲೋಮೀಟರ್ ಉದ್ದದ ಖಾಡಿಯ ದಡವನ್ನು ಹಗಲಿರುಳೂ ಕಾಯುವುದು ಇಲಾಖೆಯ ಸಿಬ್ಬಂದಿಗೆ ಮಾತ್ರ ಬಿಡತಕ್ಕ ಹೊಣೆಯಲ್ಲ.

ಸ್ವಯಂಸೇವಕರ ಕರ್ತವ್ಯ

ಬೆಟ್ಟದ ಕಾಡಿನಲ್ಲಿ ಸ್ವಯಂಸೇವಕರು ದಾರಿಯನ್ನು ದುರಸ್ತಿ ಮಾಡುತ್ತಾರೆ. ಕಾಂಡ್ಲಾವನದಲ್ಲಿ ಅವರ ಮುಖ್ಯ ಕೆಲಸವೆಂದರೆ ಹೊಸ ದಾರಿ ಹುಟ್ಟದಂತೆ ನೋಡಿಕೊಳ್ಳುವುದು ಮತ್ತು ನೀರಿನ ದಾರಿಯನ್ನು ತೆರೆದಿಡುವುದು. ಈ ವ್ಯತ್ಯಾಸವನ್ನು ಅರಿಯದ ಉತ್ಸಾಹ ಕೆಲವೊಮ್ಮೆ ಹಾನಿಯನ್ನೇ ಉಂಟುಮಾಡುತ್ತದೆ. ಆದುದರಿಂದ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಅವಶ್ಯಕ.

1. ಅನುಮತಿಯಿಲ್ಲದೆ ಒಳಹೋಗಕೂಡದು. ಅರಣ್ಯ ಇಲಾಖೆಯ ಅಥವಾ ಭೂಮಿಯ ಹೊಣೆ ಹೊತ್ತ ಸಂಸ್ಥೆಯ ಸಿಬ್ಬಂದಿಯೊಡನೆ ಮಾತ್ರ ಕೆಲಸ ಮಾಡಬೇಕು.

2. ವಾಹನಗಳನ್ನು ರಸ್ತೆಯ ಅಂಚಿನಲ್ಲಿಯೇ ನಿಲ್ಲಿಸಬೇಕು. ಒಳಗೆ ನಿಗದಿತ ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯಬೇಕು. ಐವತ್ತು ಜನ ಗುಂಪಾಗಿ ಕೆಸರು ತುಳಿದರೆ ಉಸಿರು ಬೇರುಗಳಿಗೆ ಲಾರಿಯಷ್ಟೇ ಅಪಾಯ.

3. ಇಳಿತದ ವೇಳೆಯನ್ನು ಮೊದಲೇ ತಿಳಿದು, ಉಬ್ಬರ ಏರುವ ಮುನ್ನ ಹೊರಬರಬೇಕು. ಕೈಗವಸು, ಗಟ್ಟಿ ಬೂಟು ಧರಿಸಬೇಕು. ಒಡೆದ ಗಾಜು ಕೆಸರಿನಲ್ಲಿ ಕಾಣಿಸದು.

4. ಬೇರುಗಳಿಗೆ ಸುತ್ತಿಕೊಂಡ ಪ್ಲಾಸ್ಟಿಕ್ಕನ್ನು ಎಳೆಯದೆ ಕತ್ತರಿಸಿ ತೆಗೆಯಬೇಕು. ಸಂಗ್ರಹಿಸಿದ ಕಸವನ್ನು ಉಬ್ಬರ ತಲುಪದ ಜಾಗಕ್ಕೆ ಅಂದೇ ಸಾಗಿಸಬೇಕು. ದಡದಲ್ಲಿ ಬಿಟ್ಟ ಚೀಲ ಮರುದಿನ ಮತ್ತೆ ಕಾಡು ಸೇರುತ್ತದೆ.

5. ತೋಡುಗಳ ಬಾಯಿ ಮುಚ್ಚಿದ್ದರೆ ಅಧಿಕಾರಿಗಳ ಗಮನಕ್ಕೆ ತರಬೇಕು. ತಾವೇ ಅಗೆಯುವುದು ಸರಿಯಲ್ಲ. ನೀರಿನ ಮಟ್ಟ ತಿಳಿಯದೆ ತೆಗೆದ ಕಾಲುವೆ ದಡವನ್ನೇ ಕೊರೆದೀತು.

6. ಬಯಲು ಕೆಸರನ್ನು ಕಂಡು ಗಿಡ ನೆಡಲು ಮುಂದಾಗಬಾರದು. ರಾಜಹಂಸಗಳು ಆಹಾರ ಹುಡುಕುವುದು ಆ ತೆರೆದ ಕೆಸರಿನಲ್ಲಿಯೇ.

7. ಹೊಸ ಚಕ್ರದ ಗುರುತು ಅಥವಾ ಕಲ್ಲುಮಣ್ಣಿನ ರಾಶಿ ಕಂಡಲ್ಲಿ ಸ್ಥಳ, ದಿನಾಂಕ, ವೇಳೆಗಳೊಂದಿಗೆ ಛಾಯಾಚಿತ್ರ ತೆಗೆದು ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ಲಾರಿಯವರೊಡನೆ ಜಗಳಕ್ಕೆ ನಿಲ್ಲಬಾರದು.

ಕೊನೆಯ ಅಂಶವು ಹೆಚ್ಚು ಮಹತ್ವದ್ದು. ಮೊದಲ ಎರಡು ಲಾರಿಗಳ ಕಲ್ಲುಮಣ್ಣನ್ನು ತೆಗೆಸುವುದು ಸುಲಭ. ಇನ್ನೂರು ಲಾರಿಗಳ ಮೇಲೆ ಹಬ್ಬಿದ ದಾರಿಯನ್ನು ಅಳಿಸುವುದು ಬಹು ಕಷ್ಟ. ಪ್ರತಿ ತಿಂಗಳೂ ಒಂದೇ ಸ್ಥಳವನ್ನು ನೋಡಿ ವಹಿಯೊಂದರಲ್ಲಿ ಬರೆದಿಡುವ ನಾಲ್ವರು ಸ್ಥಳೀಯರು, ವರ್ಷಕ್ಕೊಮ್ಮೆ ಬಂದುಹೋಗುವ ನಾನೂರು ಜನರಿಗಿಂತ ಹೆಚ್ಚು ಉಪಕಾರಿಗಳು.

ವಿಕ್ರೋಳಿ, ಘಾಟ್ಕೋಪರ್, ಭಾಂಡೂಪ್, ಮುಲುಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ತಮ್ಮದೇ ಮನೆಯಂಗಳದ ವಿಷಯ. ಕುಂದಾಪುರ, ಕುಮಟಾ, ಕಾರವಾರಗಳ ಕಡೆಯಿಂದ ಬಂದವರಿಗೆ ಕಾಂಡ್ಲಾ ಹೊಸತೂ ಅಲ್ಲ. ನದಿಯ ಅಳಿವೆಯಲ್ಲಿ ಮೀನು ಮರಿಯಾಗುವುದು ಆ ಬೇರುಗಳ ನಡುವೆ ಎಂಬುದನ್ನು ಅವರು ಬಾಲ್ಯದಿಂದಲೇ ಬಲ್ಲರು. ಆ ತಿಳಿವಳಿಕೆಯನ್ನು ಥಾಣೆ ಖಾಡಿಯ ದಡದಲ್ಲಿಯೂ ಉಪಯೋಗಿಸಿದರೆ, ಇಲಾಖೆಯ ಕಾವಲಿಗೆ ಜನರ ಕಾವಲು ಜೊತೆಗೂಡುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಬೆಟ್ಟದ ಕಾಡಿನ ದಾರಿಗೂ ಉಬ್ಬರದ ಕಾಡಿನ ದಾರಿಗೂ ಇರುವ ವ್ಯತ್ಯಾಸವೇನು?

2. ಮರ ಕಡಿಯದೆಯೂ ಕಾಂಡ್ಲಾವನ ನಾಶವಾಗುವುದು ಹೇಗೆ?

3. ನಿಮ್ಮ ಊರಿನ ಅರಣ್ಯ ಅಥವಾ ಜೌಗುಪ್ರದೇಶದಲ್ಲಿ ಇತ್ತೀಚೆಗೆ ಹುಟ್ಟಿಕೊಂಡ ಜಾಡುಗಳಾವುವು? ಅವು ಯಾರಿಗೆ ಉಪಯೋಗವಾಗುತ್ತಿವೆ?