ಕರಾಚಿಗೆ ದಾರಿ ತೋರಿದ ಕಾಸರಗೋಡು ಹೆಸರಿನ ಕಮಾಂಡರ್

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆಯನ್ನು ನೋಡಿ ಬಂದೆವು. 1971ರಲ್ಲಿ ಕರಾಚಿಗೆ ಬೆಂಕಿ ಇಟ್ಟ ಹಡಗು ಇದೇ ಎಂದು ಜೊತೆಗಿದ್ದವರು ಹೇಳಿದರು. ಆ ದಾಳಿಯ ಮುಂದಾಳು ಕಾಸರಗೋಡಿನವರಂತೆ, ಹೌದೆ? ಅವರಿಗೆ ಯಾವ ಪದಕ ಸಿಕ್ಕಿತು?

ಉತ್ತರ: ಮೊದಲು ಹಡಗಿನ ವಿಷಯ. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ಆದ್ದರಿಂದ ಅದು 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಇರಲಿಲ್ಲ. ಆದರೆ ಕರಾಚಿಗೆ ಹೋದ ನಿಪತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳೂ ಅದರದೇ ಕುಲದವು, ಸೋವಿಯತ್ ಒಕ್ಕೂಟದಿಂದ ಬಂದಂಥವು. ಹಾಗಾಗಿ ನೀವು ನೋಡಿದ್ದು ವ್ಯರ್ಥವಾಗಲಿಲ್ಲ. ಒಡಲಿನ ಉದ್ದ ಸುಮಾರು 38 ಮೀಟರ್, ಎರಡೂ ಬದಿಯಲ್ಲಿ ಕ್ಷಿಪಣಿಯ ಗೂಡುಗಳು. ಇಷ್ಟು ಚಿಕ್ಕದರಲ್ಲಿ ಶತ್ರುವಿನ ಮುಖ್ಯ ಬಂದರಿನ ಬಾಗಿಲಿಗೆ ಹೋಗುವುದೆಂದರೆ ಏನೆಂದು ಅದರ ಪಕ್ಕದಲ್ಲಿ ನಿಂತಾಗಲೇ ತಿಳಿಯುವುದು.

ಇನ್ನು ಆ ಅಧಿಕಾರಿ. ಅವರ ಪೂರ್ಣ ಹೆಸರು ಕಾಸರಗೋಡು ಪಟ್ಣಶೆಟ್ಟಿ ಗೋಪಾಲ ರಾವ್. ಊರಿನ ಹೆಸರು ಅವರ ಹೆಸರಿನಲ್ಲೇ ಇದೆಯಾದರೂ ಹುಟ್ಟಿದ್ದು ಮದುರೈಯಲ್ಲಿ, 1926ರಲ್ಲಿ. 1950ರಲ್ಲಿ ನೌಕಾಪಡೆಯ ಅಧಿಕಾರಿಯಾದರು. 1971ರ ಹೊತ್ತಿಗೆ ಕಮಾಂಡರ್ ದರ್ಜೆಗೇರಿ ‘ಕಿಲ್ತಾನ್’ ನೌಕೆಯನ್ನು ನಡೆಸುತ್ತಿದ್ದರು. ಇಲ್ಲೊಂದು ಮಾತು ಹೇಳದಿರಲಾರೆ. ಕಿಲ್ತಾನ್ ಎಂಬುದು ಲಕ್ಷದ್ವೀಪದ ಒಂದು ದ್ವೀಪದ ಹೆಸರು. 1956ರಲ್ಲಿ ರಾಜ್ಯಗಳ ಗಡಿ ಬದಲಾಗುವವರೆಗೆ ಆ ದ್ವೀಪವೂ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಡಗಿನ ಹೆಸರೂ ಕಪ್ತಾನನ ಹೆಸರೂ ಒಂದೇ ಹಳೆಯ ಜಿಲ್ಲೆಯವು!

ಕ್ಷಿಪಣಿ ದೋಣಿಗಳು ತಮ್ಮ ಕರಾವಳಿಯ ಕಾವಲಿಗೆಂದು ಕಟ್ಟಿದಂಥವು. ವೇಗ ಜಾಸ್ತಿ, ಹೊಡೆತ ಬಲು ಜೋರು. ಆದರೆ ಇಂಧನ ಬಹಳ ದೂರಕ್ಕೆ ಬರುವುದಿಲ್ಲ. ಅದಕ್ಕೇ ದೊಡ್ಡ ಹಡಗುಗಳು ಅವನ್ನು ಹಗ್ಗ ಕಟ್ಟಿ ಎಳೆದೊಯ್ಯುವ ಅಭ್ಯಾಸವನ್ನು ಮೊದಲೇ ಮಾಡಿಸಿದ್ದರು. ಅವುಗಳಿಗೆ ಬೆಂಗಾವಲಾಗಿ ಹೋದವು ಜಲಾಂತರ್ಗಾಮಿ ಬೇಟೆಯ ನೌಕೆಗಳಾದ ಕಿಲ್ತಾನ್ ಮತ್ತು ಕಚಲ್. ಇವೆರಡರಲ್ಲಿ ಕ್ಷಿಪಣಿಯೇ ಇರಲಿಲ್ಲ. ದೂರದ ಹಡಗುಗಳನ್ನು ರೇಡಾರಿನಲ್ಲಿ ಗುರುತಿಸುವುದು, ಸಣ್ಣ ದೋಣಿಗಳನ್ನು ಕಾಯುವುದು, ಗುಂಪನ್ನು ಒಟ್ಟಾಗಿ ಒಯ್ದು ಮರಳಿ ತರುವುದು ಅವುಗಳ ಕೆಲಸ. ಇಡೀ ಗುಂಪಿನ ಹೊಣೆ ಗೋಪಾಲ ರಾವ್ ಅವರದು. ದೋಣಿಗಳ ದಳದ ಮುಖ್ಯಸ್ಥ ಕಮಾಂಡರ್ ಬಬ್ರೂ ಭಾನ್ ಯಾದವ್ ನಿಪತ್‌ನಲ್ಲಿದ್ದರು.

ಡಿಸೆಂಬರ್ 4ರಂದು ಹಗಲೆಲ್ಲ ಪಾಕಿಸ್ತಾನದ ವಿಮಾನಗಳ ಕಣ್ಣಿಗೆ ಬೀಳದಷ್ಟು ದೂರ ಉಳಿದು, ಕತ್ತಲಾದ ಮೇಲೆ ಉತ್ತರಕ್ಕೆ ತಿರುಗಿದರು. ರಾತ್ರಿ ಹತ್ತೂ ಮುಕ್ಕಾಲರ ಸುಮಾರಿಗೆ ನಿರ್ಘಾತ್‌ನ ಕ್ಷಿಪಣಿ ‘ಖೈಬರ್’ ಎಂಬ ವಿಧ್ವಂಸಕ ನೌಕೆಗೆ ಬಡಿಯಿತು. ತಮ್ಮ ಮೇಲೆ ಬಿದ್ದದ್ದು ಕ್ಷಿಪಣಿ ಎಂಬುದೇ ಆ ನೌಕೆಯವರಿಗೆ ತಿಳಿಯಲಿಲ್ಲ. ವಿಮಾನ ದಾಳಿ ಎಂದು ಸಂದೇಶ ಕಳಿಸಿದರು, ಅದರಲ್ಲಿ ತಾವಿದ್ದ ಜಾಗವೂ ತಪ್ಪಾಗಿತ್ತು. ಎರಡನೆಯ ಕ್ಷಿಪಣಿಗೆ ಹಡಗು ಮುಳುಗಿತು. ಇನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಶತ್ರುವಿನವರೇ ಆದರೂ ಆ ತಪ್ಪು ಸಂದೇಶದ ಸಂಗತಿ ಓದುವಾಗ ಎದೆ ಭಾರವಾಗುತ್ತದೆ. ವೀರ್ ಹೊಡೆದ ‘ಮುಹಾಫಿಜ್’ ನೌಕೆ ಸಂದೇಶ ಕಳಿಸುವ ಮೊದಲೇ ಚೂರಾಯಿತು. ನಿಪತ್ ಬಂದರಿನ ಹತ್ತಿರಕ್ಕೆ ಹೋಗಿ ಕೆಮಾರಿಯ ತೈಲ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ನಮ್ಮ ಕಡೆ ಒಬ್ಬರೂ ಸಾಯಲಿಲ್ಲ. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಈ ರಾತ್ರಿಯಿಂದ.

ಈ ಕಾರ್ಯಾಚರಣೆಗೆ ಗೋಪಾಲ ರಾವ್ ಮತ್ತು ಯಾದವ್ ಇಬ್ಬರಿಗೂ ಮಹಾವೀರ ಚಕ್ರ ಬಂತು. ಪರಮವೀರ ಚಕ್ರದ ನಂತರ ಬರುವ ಯುದ್ಧ ಪದಕ ಅದು: ಬೆಳ್ಳಿಯ ಬಿಲ್ಲೆ, ಅದರ ಅಂಚು ಮುಟ್ಟುವ ಐದು ಮೂಲೆಯ ನಕ್ಷತ್ರ, ಅರ್ಧ ಬಿಳಿ ಅರ್ಧ ಕೇಸರಿ ಪಟ್ಟಿ. ಗೋಪಾಲ ರಾವ್ ಅವರಿಗೆ ವಿಶಿಷ್ಟ ಸೇವಾ ಪದಕವೂ ಇತ್ತು. ಅವರ ಪ್ರಶಸ್ತಿ ಪತ್ರದಲ್ಲಿ ಎರಡು ವಿಧ್ವಂಸಕ ನೌಕೆಗಳು ಮುಳುಗಿದವೆಂದಿದೆ. ಎರಡನೆಯದಾದ ‘ಶಾಹ್ ಜಹಾನ್’ ತೀವ್ರ ಹಾನಿಗೊಂಡರೂ ಮುಳುಗಿರಲಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ಕತ್ತಲಲ್ಲಿ ಮೈಲುಗಟ್ಟಲೆ ದೂರದಿಂದ, ರೇಡಾರಿನ ಚುಕ್ಕೆ ನೋಡಿ ಹೊಡೆದ ಕದನದಲ್ಲಿ ಇಂಥ ಲೆಕ್ಕ ತಪ್ಪುವುದು ಸಹಜ. ಅದರಿಂದ ಅವರ ಪದಕದ ತೂಕ ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಕ್ಷಿಪಣಿಯಿಲ್ಲದ ಹಡಗಿನಲ್ಲಿ ನಿಂತು, ಇಂಧನ ಸಾಲದ ಮೂರು ದೋಣಿಗಳನ್ನು ಕರಾಚಿಯವರೆಗೆ ಒಯ್ದು, ಎಲ್ಲರನ್ನೂ ಜೀವಂತ ಮರಳಿ ತಂದರಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

ಐದೇ ದಿನಕ್ಕೆ, ಡಿಸೆಂಬರ್ 9ರ ರಾತ್ರಿ, ದಿಯು ಸಮೀಪ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ನಮ್ಮ ‘ಖುಕ್ರಿ’ ಯುದ್ಧನೌಕೆಯನ್ನು ಮುಳುಗಿಸಿತು. ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಜೀವರಕ್ಷಕ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟು, ಸಾಧ್ಯವಾದಷ್ಟು ಜನರನ್ನು ನೀರಿಗಿಳಿಸಿ, ಹಡಗಿನೊಂದಿಗೇ ಹೋದರು. 194 ಮಂದಿ ಆ ರಾತ್ರಿ ಮರಳಿ ಬರಲಿಲ್ಲ. ಮುಲ್ಲಾ ಅವರಿಗೂ ಮರಣೋತ್ತರವಾಗಿ ಸಂದದ್ದು ಅದೇ ಬಿಳಿ-ಕೇಸರಿ ಪಟ್ಟಿಯ ಮಹಾವೀರ ಚಕ್ರ. ಗೋಪಾಲ ರಾವ್ ತಮ್ಮ ಪದಕದೊಂದಿಗೆ ಸುಮಾರು ಐವತ್ತು ವರ್ಷ ಬಾಳಿದರು. 2021ರ ಆಗಸ್ಟಿನಲ್ಲಿ ಚೆನ್ನೈಯಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ.