ಲೆಕ್ಕ ನಿನ್ನ ಕೈಲಿರಲಿ

ತಂಗೀ, ಮದುವೆ ನಿಶ್ಚಯವಾದ ಸುದ್ದಿ ಕೇಳಿ ಖುಷಿಯಾಯಿತು. ಸೀರೆ, ಬಂಗಾರದ ಗಡಿಬಿಡಿಯಲ್ಲೂ ಬಿಡುವು ಮಾಡಿಕೊಂಡು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದು. 1970ರ ಕಾದಂಬರಿ. ಮದುವೆಯ ಹೊತ್ತಲ್ಲಿ ಇಂಥ ಪುಸ್ತಕವೇ ಎಂದು ಆಯಿ ಬೈದರೆ ಬೈಯಲಿ.

ಅದರ ನಂಜಮ್ಮನ ಗಂಡ ಚೆನ್ನಿಗರಾಯ ಹೊಟ್ಟೆಬಾಕ, ಸೋಮಾರಿ. ಅತ್ತೆ ಗಂಗಮ್ಮನ ಬಾಯಿಗೆ ತಡೆಯಿಲ್ಲ. ಶ್ಯಾನುಭೋಗಿಕೆ ಅವನದಾದರೂ ಲೆಕ್ಕ ಬರೆಯುವುದು ಅವನಿಂದಾಗದು. ನಂಜಮ್ಮ ಕಲಿತು, ಗೆರೆ ಎಳೆದು, ಊರಿನ ಕಂದಾಯದ ಲೆಕ್ಕವನ್ನೆಲ್ಲ ತಾನೇ ಬರೆಯುತ್ತಾಳೆ. ಅದೂ ಸಾಲದೆ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಪ್ಲೇಗಿಗೆ ಇಬ್ಬರು ಮಕ್ಕಳು ಹೋದ ಮೇಲೂ ಎದ್ದು ಕೆಲಸ ಹಿಡಿಯುತ್ತಾಳೆ. ಓದಿದವರೆಲ್ಲ ಅವಳ ತಾಳ್ಮೆಯನ್ನು ಹೊಗಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆ ಮನೆಯ ಒಲೆ ಉರಿದದ್ದು ತಾಳ್ಮೆಯಿಂದಲ್ಲ, ಅವಳು ಕಲಿತ ಲೆಕ್ಕದಿಂದ. ಆದರೆ ಹುದ್ದೆ ಗಂಡನ ಹೆಸರಲ್ಲಿ. ದುಡಿಮೆ ಇವಳದು, ಯಜಮಾನಿಕೆ ಅವನದು. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೇ.

ಮನೆ ಬಿಟ್ಟು ಹೊರಟವಳ ಕಥೆಯೂ ನಮ್ಮಲ್ಲಿದೆ. ಗುಲ್ವಾಡಿ ವೆಂಕಟರಾಯರ ಕಾದಂಬರಿ ‘ಇಂದಿರಾಬಾಯಿ’ 1899ರಲ್ಲೇ ಬಂದಿತ್ತು. ಅದರ ಎಳೆಯ ವಿಧವೆ ಮನೆ ಬಿಟ್ಟು ಹೊರಟು, ಓದಿ, ಮತ್ತೆ ಮದುವೆಯಾಗುತ್ತಾಳೆ. ಆದರೆ ಅವಳಿಗೆ ಆಸರೆ ಕೊಡುವ ಮನೆಯೊಂದಿತ್ತು, ಎಲ್ಲರಿಗೂ ಅದು ಸಿಗದು.

ಈಗ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೋಡು. ಕೊಯ್ಲಿನ ದಿನಗಳಲ್ಲಿ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ಯಾರು? ತೊಡದೇವು ಎಂಬ ಸಿಹಿತಿಂಡಿ ಮಾಡುವಾಗ ಬೋರಲು ಮಡಕೆಯ ಬೆನ್ನಿಗೆ ಕಬ್ಬಿನಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನು ತೆಳ್ಳಗೆ ಬಳಿಯಬೇಕು, ಬೆಂದೊಡನೆ ಬಿಸಿಯಿರುವಾಗಲೇ ಮಡಚಿ ತೆಗೆಯಬೇಕು. ಚೂರು ತಡವಾದರೆ ಪುಡಿಪುಡಿ. ಬೆರಳು ಸುಟ್ಟುಕೊಳ್ಳುವವಳು ಹೆಂಗಸು. ಅಡಿಕೆ ಮಾರುವ ಸೊಸೈಟಿಯ ಖಾತೆ ಮಾತ್ರ ಎಷ್ಟೋ ಮನೆಗಳಲ್ಲಿ ಗಂಡಸಿನ ಹೆಸರಲ್ಲೇ ಇದೆ.

ಇನ್ನೊಂದು ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿತು. ಮದುವೆಯ ಬೆನ್ನಿಗೇ ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು ‘ಇಲ್ಲೊಂದು ಸಹಿ ಹಾಕು’ ಎನ್ನುವುದುಂಟು. ಅಣ್ಣನ ಮೇಲಿನ ಪ್ರೀತಿ ಇರಲಿ, ಬಿಟ್ಟುಕೊಡುವ ಮನಸ್ಸಿದ್ದರೆ ಬಿಟ್ಟುಕೊಡು. ಆದರೆ ಏನು ಬಿಡುತ್ತಿದ್ದೇನೆಂದು ತಿಳಿದೇ ಬಿಟ್ಟುಕೊಡು. ಪಹಣಿ ತರಿಸಿ ಓದು, ಅರ್ಥವಾಗದಿದ್ದರೆ ವಕೀಲರನ್ನು ಕೇಳು, ಆಮೇಲೆ ಪೆನ್ನು ಹಿಡಿ.

ಗಂಡನ ಮನೆಯಲ್ಲಿ ಹೊಂದಿಕೊಂಡು ಹೋಗು ಎನ್ನುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ, ನಾನೂ ಅದನ್ನೇ ಹೇಳಬೇಕಿಲ್ಲ. ಹೊಡೆತ, ಅವಮಾನ ಬಂದರೆ ಸಹಿಸಬೇಡ. ಊರ ಬಾಯಿಗೆ ಅಂಜದೆ ಹೊರಟು ಬಾ. ಹಾಗೆ ಹೊರಟು ಬರಲು ಕೈಖರ್ಚಿಗೂ ಗಂಡನನ್ನೇ ಕೇಳುವ ಸ್ಥಿತಿ ಇರಬಾರದು. ಮದುವೆಯ ಕರೆಯೋಲೆ ಹಂಚಲು ಶಿರಸಿಗೆ ಹೋಗುತ್ತೀಯಲ್ಲ, ಅವತ್ತೇ ನಿನ್ನೊಬ್ಬಳ ಹೆಸರಲ್ಲಿ ಖಾತೆ ತೆರೆದು ಬಾ.